ಡ್ರೈಯರ್ ಒಣಗಿಸುತ್ತಿಲ್ಲವೇ? ಗ್ಯಾಸ್ ಮುಟ್ಟಬೇಡಿ, ಮೊದಲು ಗಾಳಿ ನೋಡಿ

ಜೂನ್ ಮಳೆ ಹಿಡಿದರೆ ಸಾಕು, ಬೆಳಗಾವಿಯಿಂದ ಇದೇ ಪ್ರಶ್ನೆಗಳು ಶುರುವಾಗುತ್ತವೆ. ಕೆಳಗೆ ವಾಶಿಂಗ್ ಮಷಿನ್, ಅದರ ಮೇಲೆ ಗ್ಯಾಸ್ ಡ್ರೈಯರ್. ನಮ್ಮ ಕಡೆ ಇಂಥ ಜೋಡಿ ಇರುವ ಮನೆಗಳು ಕಡಿಮೆ. ಹೊರದೇಶದಿಂದ ಮನೆ ಸಾಮಾನಿನ ಜೊತೆ ತಂದವರೇ ಹೆಚ್ಚು. ಹಾಗಾಗಿ ಇದರ ರಿಪೇರಿ ಬಲ್ಲವರೂ ಕಡಿಮೆ. ಬಾರದವರು ಕೈ ಹಾಕಿ ಕೆಡಿಸುವುದು ಜಾಸ್ತಿ. ಯಾವ ಬಟನ್ ಒತ್ತಬೇಕು, ಸೋಪಿನ ಪುಡಿ ಎಷ್ಟು ಹಾಕಬೇಕು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಮಷಿನ್ ಜೊತೆ ಬಂದ ಪುಸ್ತಕದಲ್ಲಿದೆ, ದಯವಿಟ್ಟು ಓದಿ.

ಪ್ರಶ್ನೆ: ಮಗ ಅಮೆರಿಕದಿಂದ ವಾಪಸ್ ಬರುವಾಗ ವಾಶರ್ ಮತ್ತು ಗ್ಯಾಸ್ ಡ್ರೈಯರ್ ತಂದಿದ್ದಾನೆ. ಸಿಲಿಂಡರ್ ಗ್ಯಾಸಿಗೆ ಬೇಕಾದ ಕಿಟ್ ಹಾಕಿಸಿದ್ದೇವೆ, ಕರೆಂಟಿಗೆ ಟ್ರಾನ್ಸ್‌ಫಾರ್ಮರ್ ಇದೆ. ಹೋದ ವರ್ಷ ಒಂದು ಗಂಟೆಯಲ್ಲಿ ಬಟ್ಟೆ ಒಣಗುತ್ತಿದ್ದವು. ಈಗ ಎರಡೂವರೆ ಗಂಟೆಯಾದರೂ ಟವೆಲ್ ಹಸಿ ಇರುತ್ತದೆ. ಮೆಕ್ಯಾನಿಕ್ ಬಂದು, "ಗ್ಯಾಸ್ ಕಡಿಮಿ ಬರಾಕತ್ತೇತ್ರಿ, ಜೆಟ್ ತೂತು ಸ್ವಲ್ಪ ದೊಡ್ಡದು ಮಾಡೂಣು" ಎಂದಿದ್ದಾನೆ. ಮಾಡಿಸಬಹುದೇ? (ತಿಲಕವಾಡಿ, ಬೆಳಗಾವಿ)

ಉತ್ತರ: ಬೇಡ. ಅವನನ್ನು ಮತ್ತೆ ಆ ಮಷಿನ್ ಹತ್ತಿರ ಬಿಡಬೇಡಿ.

ಬಟ್ಟೆ ಒಣಗಿಸುವುದು ಬೆಂಕಿ ಒಂದೇ ಅಲ್ಲ, ಗಾಳಿ. ಬರ್ನರ್ ಕಾಯಿಸಿದ ಗಾಳಿಯನ್ನು ಫ್ಯಾನ್ ಡ್ರಮ್ಮಿನೊಳಗೆ ಎಳೆಯುತ್ತದೆ. ಅದು ಬಟ್ಟೆಯ ಹಸಿ ಹೀರಿಕೊಂಡು, ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಧೂಳು) ಹಿಡಿಯುವ ಜಾಳಿ ದಾಟಿ, ಪೈಪಿನಿಂದ ಹೊರಗೆ ಹೋಗಬೇಕು. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ ಬಿಸಿ ಒಳಗೇ ನಿಲ್ಲುತ್ತದೆ. ಆಗ ಥರ್ಮೋಸ್ಟಾಟ್ "ಬಿಸಿ ಸಾಕು" ಎಂದು ತಿಳಿದು ಬೆಂಕಿ ಆರಿಸುತ್ತದೆ. ಡ್ರಮ್ ತಿರುಗುತ್ತಲೇ ಇರುತ್ತದೆ, ಬಟ್ಟೆ ಹಸಿಯಾಗಿಯೇ ಇರುತ್ತವೆ. ನೋಡಿದವರಿಗೆ ಗ್ಯಾಸ್ ಸಾಲುತ್ತಿಲ್ಲ ಅನಿಸುತ್ತದೆ. ಹೋದ ವರ್ಷ ಇದೇ ಜೆಟ್ಟಿನಿಂದ, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ಇದೇ ಸಣ್ಣ ಮೂತಿಯಿಂದ, ಒಂದು ಗಂಟೆಯಲ್ಲಿ ಒಣಗುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಜೆಟ್ಟಿನ ತೂತು ಒಂದು ವರ್ಷದಲ್ಲಿ ತಾನಾಗಿ ಸಣ್ಣದಾಗುವುದಿಲ್ಲ ಅಲ್ವಾ?

ಮೊದಲು ಜಾಳಿ ತೆಗೆಯಿರಿ. ಲಿಂಟ್ ಪ್ರತಿ ಸಲ ತೆಗೆಯುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸಾಲದು. ಜಾಳಿಯನ್ನು ನಲ್ಲಿ ಕೆಳಗೆ ಹಿಡಿದು ನೀರು ಬಿಡಿ. ನೀರು ಸರಕ್ಕನೆ ಇಳಿದರೆ ಸರಿ. ಮೇಲೆಯೇ ನಿಂತರೆ, ಸುವಾಸನೆಗೆಂದು ಹಾಕುವ ಫ್ಯಾಬ್ರಿಕ್ ಸಾಫ್ಟ್‌ನರ್‌ನ ಜಿಡ್ಡು ಕಣ್ಣಿಗೆ ಕಾಣದಂತೆ ತೂತು ಮುಚ್ಚಿದೆ ಎಂದು ಅರ್ಥ. ಹಳೆಯ ಹಲ್ಲುಜ್ಜುವ ಬ್ರಶ್, ಸೋಪು, ಬಿಸಿ ನೀರು ಹಾಕಿ ಉಜ್ಜಿ, ಪೂರ್ತಿ ಒಣಗಿಸಿ ಕೂರಿಸಿ.

ಆಮೇಲೆ ಮನೆಯ ಹೊರಗೆ ಹೋಗಿ. ಡ್ರೈಯರ್ ಓಡುವಾಗ ಪೈಪಿನ ಹೊರಬಾಯಿಗೆ ಕೈ ಹಿಡಿಯಿರಿ. ಮುಚ್ಚಳ ಪೂರ್ತಿ ಎದ್ದು, ಗಾಳಿ ರಭಸದಿಂದ ಕೈಗೆ ಬಡಿಯಬೇಕು. ಬೆಳಗಾವಿಯಲ್ಲಿ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಗುಬ್ಬಿ, ಹಲ್ಲಿ ಬರುತ್ತವೆ ಎಂದು ಅಲ್ಲಿ ಸೊಳ್ಳೆ ಜಾಳಿ ಬಿಗಿದಿರುತ್ತಾರೆ. ಬಿಚ್ಚಿದರೆ ಒಳಗೆ ಕಂಬಳಿಯಂತೆ ದಪ್ಪಗೆ, ಬೂದು ಬಣ್ಣದ ಲಿಂಟ್ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಅದು ತೇವಕ್ಕೆ ಗಟ್ಟಿಯಾಗಿ ಬಾಯಿಯನ್ನೇ ಮುಚ್ಚುತ್ತದೆ. ಆ ಜಾಳಿ ಕಿತ್ತು ಬಿಸಾಡಿ. ಗಾಳಿ ಬಂದಾಗ ಏಳುವ, ನಿಂತಾಗ ಬೀಳುವ ಮುಚ್ಚಳ ಒಂದೇ ಸಾಕು.

ಪೈಪ್ ನಾಲ್ಕು ಇಂಚಿನ ಗಟ್ಟಿ ಅಲ್ಯೂಮಿನಿಯಂ ಅಥವಾ ಜಿಐ ತಗಡಿನದಿರಲಿ. ಪ್ಲಾಸ್ಟಿಕ್ ಬೇಡವೇ ಬೇಡ. ಸುಕ್ಕುಸುಕ್ಕಾದ ಫಾಯಿಲ್ ಪೈಪೂ ಬೇಡ, ಪ್ರತಿ ಸುಕ್ಕಿನಲ್ಲೂ ಲಿಂಟ್ ಕೂರುತ್ತದೆ. ಜೋಡಣೆಗೆ ಸ್ಕ್ರೂ ಹೊಡೆಸಬೇಡಿ, ಒಳಗೆ ಚಾಚಿದ ತುದಿಗೂ ಲಿಂಟ್ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಟೇಪ್ ಸುತ್ತಿಸಿ. ಮೇಲೆ ಕೆಳಗೆ ಜೋಡಿಸಿದ ಮಷಿನ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಜಾಗ ಉಳಿಸಲು ಎರಡನ್ನೂ ಗೋಡೆಗೆ ಒತ್ತಿ ಇಡುತ್ತಾರೆ, ಹಿಂದಿನ ಪೈಪ್ ಅಪ್ಪಚ್ಚಿಯಾಗುತ್ತದೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಎಳೆಯಬೇಕಾದರೆ ಇಬ್ಬರು ಬೇಕು, ಗ್ಯಾಸ್ ಹೋಸ್ ಜಗ್ಗಬಾರದು.

ಅನುಮಾನ ಉಳಿದರೆ ಗ್ಯಾಸ್ ಕಾಕ್ ಬಂದ್ ಮಾಡಿ, ಹಿಂದಿನ ಪೈಪ್ ಬಿಚ್ಚಿ, ಬಿಸಿ ಇಲ್ಲದ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ. ಮಷಿನ್ ಹಿಂಬದಿಯಿಂದ ಗಾಳಿ ಜೋರಾಗಿ ಬಂದು, ಪೈಪ್ ಹಾಕಿದ ಮೇಲೆ ಹೊರಗೆ ಮಂದವಾದರೆ ತಪ್ಪು ಪೈಪಿನದು. ಪೈಪ್ ಇಲ್ಲದೆ ಬೆಂಕಿ ಹಚ್ಚಿ ಮಾತ್ರ ಓಡಿಸಬೇಡಿ. ಉರಿದ ಗ್ಯಾಸಿನ ಹೊಗೆಯೂ ಅದೇ ಪೈಪಿನಿಂದ ಹೋಗುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾತ್‌ರೂಮಿನ ಗ್ಯಾಸ್ ಗೀಜರ್‌ನಿಂದ ಜೀವ ಹೋದ ಸುದ್ದಿ ನಾವೆಲ್ಲ ಓದುತ್ತಲೇ ಇದ್ದೇವೆ. ಇದೂ ಅದೇ ಅಪಾಯ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಡ್ರೈಯರ್ ಇಟ್ಟವರ ಮನೆಯಲ್ಲಿ ನಾನು ಅದನ್ನು ಹಚ್ಚಿಕೊಡುವುದಿಲ್ಲ.

ಗಾಳಿ ಚೆನ್ನಾಗಿದ್ದೂ ಒಣಗದಿದ್ದರೆ ಆಗ ಬೆಂಕಿ ನೋಡಿ. ಇಗ್ನೈಟರ್ (ಬೆಂಕಿ ಹಚ್ಚುವ ಭಾಗ) ಕೆಂಪಗೆ ಕಾದು, ವಾಲ್ವ್ ತೆರೆದು, ನೀಲಿ ಬೆಂಕಿ ಹತ್ತಬೇಕು. ಮೊದಲ ಸಲ ಹತ್ತಿ ಆಮೇಲಿನ ಸಲಗಳಲ್ಲಿ ಇಗ್ನೈಟರ್ ಕಾದರೂ ಬೆಂಕಿ ಬರದಿದ್ದರೆ ಗ್ಯಾಸ್ ವಾಲ್ವನ್ನು ತೆರೆಯುವ ಕಾಯಿಲ್ ಬಿಸಿಗೆ ಸೋಲುತ್ತಿದೆ. ಕಾಯಿಲ್ ಬದಲಿಸಿದರೆ ಸಾಕು, ಇಡೀ ವಾಲ್ವ್ ಬೇಡ. ಇಗ್ನೈಟರ್ ಕಾಯುವುದೇ ಇಲ್ಲವೆಂದರೆ ಅದೇ ಸುಟ್ಟಿರಬಹುದು, ಇಲ್ಲವೇ ಥರ್ಮಲ್ ಫ್ಯೂಸ್ ಹೋಗಿರಬಹುದು. ಈ ಫ್ಯೂಸ್ ಸುಮ್ನೆ ಹೋಗುವುದಿಲ್ಲ. ಗಾಳಿ ಕಟ್ಟಿ ಒಳಗೆ ಅತಿಯಾಗಿ ಬಿಸಿಯಾದಾಗ ಹೋಗುತ್ತದೆ. ಕೆಲವರು ಅಲ್ಲಿ ವೈರ್ ಸೇರಿಸಿ ಮಷಿನ್ ಚಾಲೂ ಮಾಡಿ, ದುಡ್ಡು ಇಸ್ಕೊಂಡು ಹೋಗುತ್ತಾರೆ. ಲಿಂಟ್ ತುಂಬಿದ ಮಷಿನ್‌ಗೆ ಬೆಂಕಿ ಬೀಳದಂತೆ ತಡೆಯುವುದನ್ನೇ ಅವರು ಕಿತ್ತು ಹಾಕಿರುತ್ತಾರೆ. ಇದು ರಿಪೇರಿ ಅಲ್ಲ, ಮನೆಯವರ ಜೀವಕ್ಕೆ ಮಾಡಿದ ದ್ರೋಹ.

ಜೆಟ್ ಬಗ್ಗೆ. ಎಲ್‌ಪಿಜಿಯಲ್ಲಿ, ಅಷ್ಟೇ ಗಾತ್ರದ ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡೂವರೆ ಪಟ್ಟು ಶಾಖವಿದೆ. ಅದಕ್ಕೇ ಎಲ್‌ಪಿಜಿ ಜೆಟ್ಟಿನ ತೂತು ಸಣ್ಣದು. ದೊಡ್ಡದು ಮಾಡಿದರೆ ಬೆಂಕಿ ಹಳದಿಯಾಗಿ, ಮಸಿ ಕಟ್ಟಿ, ಆ ವಿಷದ ಗಾಳಿ, ಕಾರ್ಬನ್ ಮೊನಾಕ್ಸೈಡ್, ಹೆಚ್ಚುತ್ತದೆ. ಭಟ್ಟಿ ಒಲೆಯ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೂ ಅದೇ ಗತಿ. ಮುಂದೆ ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ (ನೈಸರ್ಗಿಕ ಅನಿಲ) ತೆಗೆದುಕೊಂಡರೆ ಜೆಟ್ ಬದಲಿಸಲೇಬೇಕು, ಅದೂ ಆ ಮಾಡೆಲ್ಲಿನ ಕಿಟ್‌ನಿಂದ.

ನಿಮ್ಮದು ಅಮೆರಿಕದ ಮಷಿನ್ ಎಂಬುದೂ ಲೆಕ್ಕಕ್ಕಿದೆ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ನಮ್ಮ 50 ಹರ್ಟ್ಸ್ ಹಾಗೇ ಉಳಿಯುತ್ತದೆ. ಮೋಟಾರ್ ಸುಮಾರು ಆರರಲ್ಲಿ ಒಂದು ಪಾಲು ನಿಧಾನ, ಬಿಸಿಯೂ ಜಾಸ್ತಿ. ಅದೇ ಮೋಟಾರ್ ಫ್ಯಾನನ್ನೂ ತಿರುಗಿಸುವುದರಿಂದ ಗಾಳಿ ಮೊದಲೇ ಕಡಿಮೆ. ಹಾಗಾಗಿ ಅಲ್ಲಿ ನಡೆಯುವ ಉದ್ದದ ಪೈಪ್ ಇಲ್ಲಿ ನಡೆಯುವುದಿಲ್ಲ. ಆದಷ್ಟು ಗಿಡ್ಡ, ಆದಷ್ಟು ನೇರ. ತೊಳೆಯುವಾಗ ಸ್ಪಿನ್ ಹೆಚ್ಚು ಇಡಿ. ಸ್ಪಿನ್ನಿನಲ್ಲಿ ಹೋದ ನೀರನ್ನು ಮತ್ತೆ ಗ್ಯಾಸ್ ಸುಟ್ಟು ಒಣಗಿಸಬೇಕಿಲ್ಲ.

ಪ್ರಶ್ನೆ: ಸ್ಪಿನ್ ಆಗುವಾಗ ಕೆಳಗಿನ ಮಷಿನ್ ಕುಣಿದು ಮೇಲಿನ ಡ್ರೈಯರ್ ಬೀಳುವಂತೆ ಅಲುಗುತ್ತದೆ. ರಬ್ಬರ್ ಪ್ಯಾಡ್ ಹಾಕಿದರೆ ಸಾಕೇ? (ನವನಗರ, ಬಾಗಲಕೋಟೆ)

ಉತ್ತರ: ಪ್ಯಾಡ್ ಆಮೇಲೆ. ಎರಡನ್ನೂ ಸೇರಿಸಿ ಹಿಡಿಯುವ ಕಂಪನಿಯ ಸ್ಟ್ಯಾಕಿಂಗ್ ಕಿಟ್ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ಡ್ರೈಯರ್ ಕೆಳಗಿಳಿಸಿ. ಮಕ್ಕಳಿರುವ ಮನೆಯಲ್ಲಿ ಅಷ್ಟು ಭಾರವನ್ನು ಸುಮ್ನೆ ಮೇಲಿಟ್ಟು ಓಡಿಸಬಾರದು. ಸಾಗಿಸುವಾಗ ಹಾಕಿದ ಬೋಲ್ಟ್ ಹಿಂದಿನಿಂದ ತೆಗೆದಿದ್ದಾರೆಯೇ, ನಾಲ್ಕೂ ಕಾಲು ನೆಲಕ್ಕೆ ಕೂತಿವೆಯೇ ಎಂದು ಲೆವೆಲ್ ಇಟ್ಟು ನೋಡಿ. ಅಲುಗಾಟದಿಂದ ಗ್ಯಾಸ್ ಹೋಸ್ ಸವೆಯುತ್ತದೆ. ಐಎಸ್‌ಐ ಗುರುತಿನ ಹೋಸ್ ಇರಲಿ, ಅದನ್ನೂ 5 ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಬೋರ್‌ವೆಲ್ ನೀರಿಗೆ ಡ್ರಮ್ಮಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಹೋಗುತ್ತದಂತೆ, ನಿಜವೇ? (ವಿಜಯಪುರ)

ಉತ್ತರ: ನಂಬಬೇಡಿ, ಆ ದುಡ್ಡು ಉಳಿಸಿ. ಖಾಲಿ ಮಷಿನ್‌ಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿ. ಸಂಡಾಸ್ ತೊಳೆಯುವ ಆಸಿಡ್ ಹಾಕಬೇಡಿ, ಸ್ಟೀಲ್ ಡ್ರಮ್ಮನ್ನೇ ತಿನ್ನುತ್ತದೆ.

ಪ್ರಶ್ನೆ: ಇಳಕಲ್ ಸೀರೆ ಡ್ರೈಯರ್‌ಗೆ ಹಾಕಬಹುದೇ?

ಉತ್ತರ: ಬೇಡ, ನೆರಳಲ್ಲಿ ಒಣಹಾಕಿ. ಅಡುಗೆ ಎಣ್ಣೆ ಒರೆಸಿದ ಬಟ್ಟೆ, ಪೆಟ್ರೋಲ್ ತಾಗಿದ ಬಟ್ಟೆಯನ್ನಂತೂ ತೊಳೆದ ಮೇಲೂ ಹಾಕಬೇಡಿ, ಬೆಂಕಿ ಹತ್ತಬಹುದು.

ಪ್ರಶ್ನೆ: ಡ್ರೈಯರ್ ಹತ್ತಿರ ಆಗಾಗ ಗ್ಯಾಸ್ ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ. ಕಾಯಬಹುದೇ?

ಉತ್ತರ: ಒಂದು ಗಳಿಗೆಯೂ ಕಾಯಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ನಿಂತವರ ಮೂಗಿಗೆ ಬಾರದಿದ್ದರೂ ಕೆಳಗೆ ಇರುತ್ತದೆ. ಸ್ವಿಚ್ ಹಾಕಬೇಡಿ, ತೆಗೆಯಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಏಜೆನ್ಸಿಯವರು ಬಂದು ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡುವ ತನಕ ಡ್ರೈಯರ್ ಹಚ್ಚಬೇಡಿ.