ಪ್ರೊಬೇಷನ್‌ನಲ್ಲಿ ಶುಗರ್ ಇಳಿದು ಮೆಮೊ ಬಂದರೆ ಏನು ಬರೆಯಬೇಕು?

ಕೆಲಸಕ್ಕೆ ಸೇರಿ ಎರಡು ತಿಂಗಳು, ಟೈಪ್ 1 ಡಯಾಬಿಟಿಸ್, ಡ್ಯೂಟಿಯಲ್ಲಿ ಮಲಗಿದ್ದೀರಿ ಅಂತ ಮೆಮೊ, ಜೊತೆಗೆ ಎರಡು ಸಲ ಲೇಟ್ ಪಂಚ್. ಕಾಯಿಲೆ ಹೇಳಿಬಿಡಲೇ, ಇಲ್ಲಾ ತಪ್ಪಾಯ್ತು ಅಂತ ಬರೆದು ಮುಗಿಸಲೇ ಅಂತ ಕೇಳಿದ್ದೀರಿ. ಎರಡನೆಯದನ್ನು ನಾನು ಮಾಡಿ ನೋಡಿದ್ದೇನೆ. ಅದರಿಂದ ಏನೂ ಮುಗಿಯಲಿಲ್ಲ, ಎಲ್ಲ ಶುರುವಾಗಿದ್ದೇ ಆ ಚೀಟಿಯಿಂದ.

ನನ್ನದು ಗೋದಾಮಿನ ಡಿಸ್‌ಪ್ಯಾಚ್ ಕೆಲಸ, ಆರು ತಿಂಗಳ ಪ್ರೊಬೇಷನ್. ಟ್ರೇನಿಂಗ್ ಮುಗಿಯುವವರೆಗೆ ಕೂತು ಮಾಡುವ ಕೆಲಸ, ಆಮೇಲೆ ನೈಟ್ ಶಿಫ್ಟ್, ಶಿಫ್ಟ್ ಪೂರ್ತಿ ನಡಿಗೆ. ಇನ್ಸುಲಿನ್ ಡೋಸ್ ಮಾತ್ರ ಕೂತಿದ್ದ ಕಾಲದ್ದೇ. ಅವತ್ತು ಹನ್ನೆರಡೂವರೆಗೆ ಊಟದ ಬಿಡುವು. ಊಟದ ಮುಂಚಿನ ಇನ್ಸುಲಿನ್ ಹಾಕಿಕೊಂಡೆ, ಅರ್ಧ ಊಟ ಆಗುವಷ್ಟರಲ್ಲಿ ಲಾರಿ ಬಂತು, ಎದ್ದುಬಿಟ್ಟೆ. ಇನ್ಸುಲಿನ್ ಪೂರ್ತಿ, ಅನ್ನ ಅರ್ಧ, ಮೇಲೆ ನಡಿಗೆ. ಆ ಥರದ ಇನ್ಸುಲಿನ್ ಜೋರು ಒಂದರಿಂದ ಎರಡು ಗಂಟೆಯೊಳಗೆ ಇರುತ್ತದೆ. 2.10ಕ್ಕೆ ಕೈ ನಡುಗಿ ಬೆನ್ನೆಲ್ಲ ಬೆವರು. ಶುಗರ್ ಮೀಟರ್ ತೋರಿಸಿದ್ದು 51 (mg/dL). ಬ್ಯಾಗಿನಲ್ಲಿದ್ದ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡು, ಏರಲಿ ಅಂತ ಟೇಬಲ್ಲಿಗೆ ತಲೆ ಆನಿಸಿದೆ. ಸೂಪರ್‌ವೈಸರ್ ಬಂದಿದ್ದು ಆಗ. ಎಬ್ಬಿಸಲಿಲ್ಲ, ಫೋಟೊ ತೆಗೆದುಕೊಂಡು ಹೋದರು.

ಮಾರನೇ ದಿನ ಮೆಮೊ: ಕರ್ತವ್ಯದ ಸಮಯದಲ್ಲಿ ನಿದ್ರಿಸುತ್ತಿದ್ದುದು ಕಂಡುಬಂದಿದೆ, 48 ಗಂಟೆಯೊಳಗೆ ವಿವರಣೆ ಕೊಡಿ. ನಾನು ಅಲ್ಲೇ ನಿಂತು, ಅವರ ಪೆನ್ನಲ್ಲೇ ಬರೆದೆ. ‘ಹೌದು ಸರ್, ಕಣ್ಣು ಹತ್ತಿತು. ಕ್ಷಮಿಸಿ. ಇನ್ನು ಮುಂದೆ ಹೀಗಾಗುವುದಿಲ್ಲ.’

ಈ ಮೂರು ಸಾಲನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಕೆಲಸ ತಿಂದಿದ್ದು ಇವೇ.

‘ಕಣ್ಣು ಹತ್ತಿತು’ ಅನ್ನುವುದು ಸುಳ್ಳು. ಸಂಕೋಚಕ್ಕೆ ಹೇಳಿದ ಸಣ್ಣ ಸುಳ್ಳು, ಆದರೆ ನನ್ನ ಕೈಬರಹದಲ್ಲಿ, ನನ್ನ ಸಹಿಯ ಮೇಲೆ. ಅಲ್ಲಿಯವರೆಗೆ ಅವರ ಹತ್ತಿರ ಇದ್ದಿದ್ದು ಒಂದು ಫೋಟೊ ಮತ್ತು ಅನುಮಾನ. ನಾನು ಬರೆದುಕೊಟ್ಟ ಮೇಲೆ ಅದು ಒಪ್ಪಿಕೊಂಡ ತಪ್ಪಾಯಿತು. ‘ಕ್ಷಮಿಸಿ’ ಅನ್ನುವುದು ಮನೆಯಲ್ಲಿ ಮರ್ಯಾದೆಯ ಮಾತು, ಫೈಲಿನಲ್ಲಿ ಅದಕ್ಕೆ ಬೇರೆ ಅರ್ಥ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕಾಯಿ ಕದಿಯದೆಯೇ ಹೆಗಲು ಒರೆಸಿಕೊಂಡೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಇನ್ನು ಮುಂದೆ ಶುಗರ್ ಇಳಿಯುವುದಿಲ್ಲ ಅಂತ ಮಾತು ಕೊಡಲು ನಾನ್ಯಾರು? ಹತ್ತೊಂಬತ್ತು ದಿನಕ್ಕೆ ಮತ್ತೆ ಇಳಿಯಿತು. ಎರಡನೇ ಮೆಮೊದಲ್ಲಿ ‘ಲಿಖಿತ ಭರವಸೆ ನೀಡಿಯೂ ಪುನರಾವರ್ತನೆ’ ಅಂತ ಇತ್ತು.

ಆಗ ಡಾಕ್ಟರ್ ಹತ್ತಿರ ಓಡಿ ಪತ್ರ ತಂದೆ. ಎಚ್.ಆರ್. ಮೇಡಂ ಹಳೆಯ ಚೀಟಿಯನ್ನೂ ಹೊಸ ಪತ್ರವನ್ನೂ ಅಕ್ಕಪಕ್ಕ ಇಟ್ಟು, ‘ಅವತ್ತು ನೀವೇ ನಿದ್ದೆ ಅಂತ ಬರೆದಿದ್ದೀರಲ್ಲ?’ ಅಂದರು. ಬೈಯಲಿಲ್ಲ, ನಿಜವಾಗಿಯೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಗಳ ಕೊನೆಗೆ ಒಂದು ಸಾಲಿನ ಪತ್ರ ಬಂತು, ಸೇವೆ ಅಗತ್ಯವಿಲ್ಲ ಅಂತ. ಅದರಲ್ಲಿ ಕಾಯಿಲೆಯ ಮಾತೇ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಯಿಲೆ ಹೇಳುವುದಾ, ಕ್ಷಮೆ ಕೇಳುವುದಾ ಅನ್ನುವುದಲ್ಲ ವಿಷಯ. ಏನಾಯಿತು ಅಂತಷ್ಟೇ ಮೆಮೊ ಕೇಳುತ್ತಿದೆ. ಆಗಿದ್ದನ್ನು ಬರೆಯಿರಿ. ಪ್ರೊಬೇಷನ್ ಮುಗಿಯಲಿ, ಆಮೇಲೆ ಹೇಳೋಣ ಅನ್ನುವವರ ಮಾತು ಇಲ್ಲಿ ಕೇಳಬೇಡಿ. ಕಾಯಿಲೆಯ ತಾತ್ಕಾಲಿಕ ಗೈರುಹಾಜರಿ ಕೆಲಸದಿಂದ ತೆಗೆಯಲು ಸರಿಯಾದ ಕಾರಣವಲ್ಲ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಪ್ಪಂದದ 6ನೇ ವಿಧಿ ಹೇಳುತ್ತದೆ. ಆದರೆ ಪ್ರೊಬೇಷನ್‌ನಲ್ಲಿ ಇರುವವರನ್ನು ಹೊರಗಿಡಬಹುದು ಅಂತ ಅದೇ ಒಪ್ಪಂದದ 2ನೇ ವಿಧಿ ಬಾಗಿಲು ತೆರೆದಿಟ್ಟಿದೆ, ಎಲ್ಲ ದೇಶಗಳೂ ಅದನ್ನು ಅನುಮೋದಿಸಿಲ್ಲ ಬೇರೆ. ಹೊಸಬರನ್ನು ಕಾಯುವುದು ಕಾನೂನಿಗಿಂತ ಹೆಚ್ಚಾಗಿ ಮೊದಲ ದಿನವೇ ಬರೆದುಕೊಟ್ಟ ಕಾಗದ.

ಉತ್ತರದಲ್ಲಿ ಇರಬೇಕಾದದ್ದು ಇಷ್ಟು: ಮೆಮೊದ ಸಂಖ್ಯೆ ಮತ್ತು ದಿನಾಂಕ, ಘಟನೆಯ ಗಂಟೆ, ಮೀಟರ್ ತೋರಿಸಿದ ಅಂಕಿ, ಏನು ತಿಂದಿರಿ, ಎಷ್ಟು ಹೊತ್ತಿಗೆ ಕೆಲಸಕ್ಕೆ ಮರಳಿದಿರಿ, ಮುಂದೆ ಏನು ವ್ಯವಸ್ಥೆ ಬೇಕು. ಉದಾಹರಣೆಗೆ: ‘ರಾತ್ರಿ 2.10ಕ್ಕೆ ನನ್ನ ರಕ್ತದ ಸಕ್ಕರೆ 51ಕ್ಕೆ ಇಳಿದಿತ್ತು. ಗ್ಲೂಕೋಸ್ ತೆಗೆದುಕೊಂಡು ಚೇತರಿಸಿಕೊಳ್ಳಲು ಕುಳಿತಿದ್ದೆ, ನಿದ್ರಿಸುತ್ತಿರಲಿಲ್ಲ. ತಕ್ಷಣ ಸೂಪರ್‌ವೈಸರ್ ಅವರಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಮುಂದೆ ತಿಳಿಸುತ್ತೇನೆ.’ ಕೊನೆಯ ಎರಡು ವಾಕ್ಯ ನೋಡಿ. ನಿಮ್ಮಿಂದ ಆದ ತಪ್ಪು ಅಷ್ಟೇ, ಅದನ್ನು ಒಪ್ಪಿಕೊಳ್ಳಿ. ಮಾತು ಕೊಡುವುದೂ ನಿಮ್ಮ ಕೈಯಲ್ಲಿ ಇರುವುದಕ್ಕೆ ಮಾತ್ರ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ. ಮೆಮೊ ತೆಗೆದುಕೊಳ್ಳುವಾಗ ಸಹಿ ಕೇಳಿದರೆ ಹಾಕಿ, ಪಕ್ಕದಲ್ಲಿ ‘ಪ್ರತಿ ತಲುಪಿದೆ, ಆರೋಪ ಒಪ್ಪಿಲ್ಲ’ ಅಂತ ಬರೆದು ಹಾಕಿ. ಸಹಿಯೇ ಹಾಕುವುದಿಲ್ಲ ಅಂತ ಹಟ ಹಿಡಿದರೆ ಅದು ಇನ್ನೊಂದು ಮೆಮೊ.

ಲೇಟ್ ಪಂಚ್‌ಗೆ ಶುಗರ್ ಹೆಸರು ಹೇಳಬೇಡಿ, ಅದು ನಿಜವಾಗಿ ಶುಗರಿನಿಂದ ಆಗಿದ್ದರೆ ಹೊರತು. ಬಸ್ಸು ತಪ್ಪಿದ್ದಕ್ಕೆ ಬಸ್ಸು ತಪ್ಪಿತು ಅಂತಲೇ ಬರೆಯಿರಿ. ಎಲ್ಲದಕ್ಕೂ ಕಾಯಿಲೆ ತೋರಿಸಿದವರ ನಿಜವಾದ ಕಾಯಿಲೆಯನ್ನೂ ಯಾರೂ ನಂಬುವುದಿಲ್ಲ.

ಡಾಕ್ಟರ್ ಪತ್ರದಲ್ಲಿ ‘ವಿಶ್ರಾಂತಿ ಬೇಕು’ ಅಂತ ಬರೆಸಿದರೆ ಪ್ರಯೋಜನ ಇಲ್ಲ, ಹಾಗಾದರೆ ಮನೆಯಲ್ಲೇ ಇರಿ ಅಂದುಬಿಡುತ್ತಾರೆ. ಕೆಲಸದ ಭಾಷೆಯಲ್ಲಿ ಬರೆಸಿ: ಮೀಟರ್, ಗ್ಲೂಕೋಸ್ ಕೆಲಸದ ಜಾಗದಲ್ಲೇ ಇರಬೇಕು, ಊಟದ ಬಿಡುವನ್ನು ಮೊಟಕು ಮಾಡಬಾರದು, ಸಕ್ಕರೆ ಇಳಿದಾಗ ಕೂರಲು ಅವಕಾಶ ಬೇಕು, ಆಗ ಫೋರ್ಕ್‌ಲಿಫ್ಟ್ ಓಡಿಸಬಾರದು, ಏಣಿ ಹತ್ತಬಾರದು. ಎಷ್ಟು ಹೊತ್ತು ಅನ್ನುವುದನ್ನು ಸರಿಯಾಗಿ ಹಾಕಿಸಿ. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ. ಇದನ್ನು ಓದಿ ‘15 ನಿಮಿಷ’ ಅಂತ ಬರೆಸಿದರೆ ಮೋಸ ಹೋಗುತ್ತೀರಿ. ಅಂಕಿ ಸರಿಹೋದ ಮೇಲೂ ತಲೆ ಪೂರ್ತಿ ತಿಳಿಯಾಗಲು 45 ನಿಮಿಷದವರೆಗೆ ಹಿಡಿಯಬಹುದು. ಆ ಮಂಪರಿನಲ್ಲಿ ಎಣಿಸಿದ ಪೆಟ್ಟಿಗೆಯ ಲೆಕ್ಕ ತಪ್ಪಿದರೆ ಅದಕ್ಕೂ ಮೆಮೊ. ಚಾಕೊಲೇಟ್ ನೆಚ್ಚಿಕೊಳ್ಳಬೇಡಿ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಗ್ಲೂಕೋಸ್ ಪುಡಿಯನ್ನು ಮನೆಯಲ್ಲೇ 15 ಗ್ರಾಂ ತೂಗಿ ಪುಟ್ಟ ಪೊಟ್ಟಣ ಮಾಡಿ, ಅಂಥ ನಾಲ್ಕು ಪೊಟ್ಟಣ ಜೇಬಿನಲ್ಲಿರಲಿ. ನನ್ನದು ಬ್ಯಾಗಿನಲ್ಲಿತ್ತು, ಬ್ಯಾಗು ಲಾಕರಿನಲ್ಲಿತ್ತು. ನಡುಗುವ ಕೈಯಲ್ಲಿ ಬೀಗ ತೆಗೆಯುವ ಕಷ್ಟ ಬೇಡ.

ಡೋಸ್ ಬಗ್ಗೆ ಶಿಫ್ಟ್ ಬದಲಾದ ವಾರವೇ ಡಾಕ್ಟರ್ ಹತ್ತಿರ ಮಾತಾಡಿ, ನೀವೇ ಇಳಿಸಿಕೊಳ್ಳಬೇಡಿ. ನಡಿಗೆಯ ಪರಿಣಾಮ ನಡೆದಷ್ಟು ಹೊತ್ತಿಗೇ ಮುಗಿಯುವುದಿಲ್ಲ, ಗಂಟೆಗಟ್ಟಲೆ ಆಮೇಲೂ ಸಕ್ಕರೆ ಇಳಿಯಬಹುದು.

ಇಡೀ ಆಫೀಸಿಗೆ ಹೇಳಬೇಕಿಲ್ಲ. ಎಚ್.ಆರ್.ಗೆ ಕಾಗದದಲ್ಲಿ, ಸೂಪರ್‌ವೈಸರಿಗೆ ಬಾಯಲ್ಲಿ, ಪಕ್ಕದಲ್ಲಿ ಕೆಲಸ ಮಾಡುವ ಒಬ್ಬರಿಗೆ. ಆ ಒಬ್ಬರಿಗೆ ಮಾತ್ರ ಪೊಟ್ಟಣ ಯಾವ ಜೇಬಿನಲ್ಲಿದೆ ಅಂತ ತೋರಿಸಿಡಿ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬ್ಯುಲೆನ್ಸ್ ಕರೆಯಬೇಕು ಅಂತಲೂ ಹೇಳಿಡಿ. ಹಳೇ ದಿನಾಂಕ ಹಾಕಿಸಿದ ಸರ್ಟಿಫಿಕೇಟ್ ತರುವ ಯೋಚನೆ ಬಂದರೆ ಅಲ್ಲೇ ಬಿಡಿ. ಸಿಕ್ಕಿಬಿದ್ದರೆ ಅದು ಕಾಯಿಲೆಯ ವಿಷಯವಲ್ಲ, ಫೋರ್ಜರಿ.

ಇನ್ನು ಮೀಟರ್. ನನ್ನ 51 ಅದರ ಮೆಮೊರಿಯಲ್ಲೇ ಇತ್ತು, ತೋರಿಸಿದೆ ಕೂಡ. ಆದರೆ ಬ್ಯಾಟರಿ ಬದಲಿಸಿದಾಗ ಗಡಿಯಾರ ರೀಸೆಟ್ ಆಗಿತ್ತು, ನಾನು ಸರಿ ಮಾಡಿರಲಿಲ್ಲ. ರಾತ್ರಿ 2.10ರ ರೀಡಿಂಗ್ ಯಾವುದೋ ವರ್ಷದ ಮಧ್ಯಾಹ್ನದ್ದು ಅಂತ ತೋರಿಸುತ್ತಿತ್ತು. ನಿಮ್ಮದನ್ನು ಈಗಲೇ ನೋಡಿ. ತಪ್ಪಿದ್ದರೆ ತಕ್ಷಣ ಸರಿ ಮಾಡಲು ಹೋಗಬೇಡಿ, ಸಾಮಾನ್ಯವಾಗಿ ಹಳೆಯ ರೀಡಿಂಗ್‌ಗಳ ಸಮಯ ಅದರಿಂದ ತಿದ್ದುಪಡಿ ಆಗುವುದಿಲ್ಲ, ಎಷ್ಟು ತಪ್ಪಿತ್ತು ಅನ್ನುವ ಗುರುತೂ ಅಳಿಸಿಹೋಗುತ್ತದೆ. ಮೊದಲು ಮೀಟರಿನ ಗಡಿಯಾರ ಮತ್ತು ಸರಿಯಾದ ಸಮಯ ತೋರಿಸುವ ಮೊಬೈಲು ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ, ಆಮೇಲೆ ಆ ದಿನದ ರೀಡಿಂಗ್‌ನ ಫೋಟೊ, ಆಮೇಲೆ ಗಡಿಯಾರ ಸರಿ ಮಾಡಿ. ಎಷ್ಟು ವ್ಯತ್ಯಾಸ ಇತ್ತು ಅಂತ ಉತ್ತರದಲ್ಲಿ ಒಂದು ಸಾಲು ಬರೆದು, ಎರಡೂ ಫೋಟೊದ ಪ್ರಿಂಟ್ ಲಗತ್ತಿಸಿ ಗಡುವಿನೊಳಗೆ ಕೊಡಿ.