ಅಡಿಕೆ ತೋಟದವರಿಗೆ ತಿಂಗಳ ಗುರಿ: ನಿಮ್ಮ ಪ್ರಶ್ನೆಗೆ ಉತ್ತರ

ತಮ್ಮಾ, ನಮಸ್ಕಾರ. ಬರಹ ನೋಡಿದರೆ ನನಗಿಂತ ಚಿಕ್ಕವರು ಅಂತ ಅನಿಸಿತು, ಅದಕ್ಕೇ ತಮ್ಮಾ ಅಂದೆ. ಬೇಜಾರಿಲ್ಲ ಅಲ್ವಾ?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನ ಕೆಲಸ ಬಿಟ್ಟು ಊರಿನ ಎರಡು ಎಕರೆ ಅಡಿಕೆ ತೋಟಕ್ಕೆ ಬಂದಿದ್ದೀರಿ. ಜನವರಿ 1ಕ್ಕೆ ಉದ್ದ ಪಟ್ಟಿ ಬರೆದಿರಿ. ಎಲ್ಲ ಮರಕ್ಕೂ ಕಾಳುಮೆಣಸು, ಮಣ್ಣು ಪರೀಕ್ಷೆ, ದೋಟಿ (ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದ ಕೋಲು) ಕಲಿಯುವುದು, ಖರ್ಚಿನ ಲೆಕ್ಕ, ಜೇನು, ಬೆಳಿಗ್ಗೆ ಬೇಗ ಏಳುವುದು. ಈಗ ಜೂನ್ ಮುಗಿಯಿತು. ಒಂದೆರಡು ಬಿಟ್ಟರೆ ಯಾವುದೂ ಆಗಿಲ್ಲ. ತಿಂಗಳಿಗೊಮ್ಮೆ ಕೂತು ಹಿಂದಿನದು ನೋಡಿ, ಮುಂದಿನದು ಬರೆಯುವವರು ಈ ಗುಂಪಿನಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದ್ದೀರಿ. ಇದ್ದೇವೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಿಮ್ಮ ಪಟ್ಟಿಯಲ್ಲಿ ದೋಷ ಇಲ್ಲ, ಬರೆದ ತಿಂಗಳಲ್ಲಿ ಇದೆ. ನಮ್ಮ ಮಲೆನಾಡಿನಲ್ಲಿ ಜನವರಿ ಅಂದರೆ ಏನು? ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ನಡೆಯುತ್ತಾ ಇರುತ್ತೆ. ಸುಲಿಯುವುದು, ಬೇಯಿಸುವುದು, ಅಟ್ಟದ ಮೇಲೆ ಹರವುವುದು, ಸಂಜೆ ಒಟ್ಟುವುದು. ಅದರ ಬೆನ್ನಿಗೇ ಮೆಣಸಿನ ಕೊಯ್ಲು. ಮನೆಯಲ್ಲಿ ಯಾರಿಗೂ ಹೊತ್ತು ಹೊತ್ತಿಗೆ ಊಟ ಇಲ್ಲ. ಆಗ ಹೊಸ ಗುರಿ ಇಟ್ಟುಕೊಳ್ಳುವುದು ಮದುವೆ ಮನೆಯಲ್ಲಿ ಪರೀಕ್ಷೆಗೆ ಓದಲು ಕೂತ ಹಾಗೆ. ಜನವರಿ 1 ಆಫೀಸಿನವರಿಗೆ ಸರಿ. ನಮಗೆ ಯುಗಾದಿ ಹೊತ್ತಿಗೆ ಕೈ ಸ್ವಲ್ಪ ಬಿಡುವಾಗುತ್ತೆ, ಅಡಿಕೆ ಮಾರಿದ ದುಡ್ಡೂ ಸೊಸೈಟಿ ಖಾತೆಯಲ್ಲಿ ಇರುತ್ತೆ. ಖರ್ಚಿನ ಕೆಲಸ ಏನಿದ್ದರೂ ಕ್ಯಾಲೆಂಡರಿನ ಮಾರ್ಚ್, ಏಪ್ರಿಲ್ ಹಾಳೆಗೆ ಬರೆಯಿರಿ. ಏಪ್ರಿಲ್ ಕೊನೆಯಿಂದ ಮೇ ತನಕ ಮದುವೆ, ಉಪನಯನ ಅಂತ ಅರ್ಧ ತಿಂಗಳು ಕರೆದ ಮನೆಗೆ ಹೋಗಿ ಬರುವುದಕ್ಕೇ ಆಗುತ್ತೆ. ಆಷಾಢದಲ್ಲಿ ಅದು ಯಾವುದೂ ಇಲ್ಲ. ಹೊರಗೆ ಜಡಿಮಳೆ, ಒಳಗೆ ಕೂತು ಮಾಡುವ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಕಾಲ ಸಿಗುವುದಿಲ್ಲ. ಅಂದರೆ ಎಲ್ಲ ತಿಂಗಳಿಗೂ ಒಂದೇ ಅಳತೆಯ ಗುರಿ ಇಡಬೇಡಿ. ಜನವರಿಗೆ ಒಂದೂ ಇಲ್ಲದಿದ್ದರೂ ನಡೆಯುತ್ತೆ.

ಬರೆಯುವುದು ಎಲ್ಲಿ ಅಂದರೆ, ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುತ್ತಾರಲ್ಲ, ಅದರಲ್ಲೇ. ಮೊಬೈಲಿನಲ್ಲಿ ಇದಕ್ಕೆ ಬೇಕಾದಷ್ಟು ಆ್ಯಪ್ ಇವೆ, ನನಗೆ ಅವು ಒಗ್ಗಲಿಲ್ಲ. ಆ್ಯಪ್ ತೆರೆದರೆ ಮಾತ್ರ ಗುರಿ ಕಾಣುತ್ತೆ. ಗೋಡೆಯ ಹಾಳೆ ಚಹಾಕ್ಕೆ ಬಂದಾಗಲೆಲ್ಲ ಕಣ್ಣಿಗೆ ಬೀಳುತ್ತೆ, ಮನೆಯವರಿಗೂ ಬೀಳುತ್ತೆ. ನಮ್ಮ ಮನೆಯಲ್ಲಂತೂ ನಾನು ಬರೆದದ್ದರ ಕೆಳಗೆ ಅವರವರ ಸಾಲು ಸೇರಿಸಿರುತ್ತಾರೆ. ಬಚ್ಚಲ ಒಲೆಯ ಹೊಗೆ ಕೊಳವೆ ಸರಿ ಮಾಡಿಸುವುದು ಹಾಗೇ ನನ್ನ ಗುರಿಯಾಯಿತು. ಹಾಳೆ ಮಗುಚುವ ದಿನ ಸಂಜೆ ಹಳೇ ಹಾಳೆಯ ಹಿಂಬದಿಯಲ್ಲಿ ಏನಾಯಿತು ಅಂತ ಬರೆಯುತ್ತೇನೆ. ಕಾಲು ಗಂಟೆ ಸಾಕು. ಈ ಪದ್ಧತಿಯಲ್ಲಿ ಇನ್ನೊಂದು ಅನುಕೂಲ ಇದೆ. ಮುಂದಿನ ಯಾವ ತಿಂಗಳ ಹಾಳೆಗಾದರೂ ಇವತ್ತೇ ಹೋಗಿ ಬರೆದು ಬರಬಹುದು.

ಈಗ ಗುರಿಯ ಗಾತ್ರಕ್ಕೆ ಬರೋಣ. ನಿಮ್ಮ ಮೊದಲನೇ ಸಾಲು "ಎಲ್ಲ ಮರಕ್ಕೂ ಕಾಳುಮೆಣಸು". 9 ಅಡಿ ಅಂತರದಲ್ಲಿ ಹಾಕಿದ್ದರೆ ಎರಡು ಎಕರೆಯಲ್ಲಿ ಸಾವಿರಕ್ಕೂ ಮೇಲೆ ಮರ ಇರುತ್ತವೆ. ಇದು ಒಂದು ತಿಂಗಳ ಮಾತಲ್ಲ, ಒಂದು ವರ್ಷದ್ದೂ ಅಲ್ಲ. ಐವತ್ತು ಮರ ಅಂತ ಇಟ್ಟುಕೊಳ್ಳಿ. ಅದನ್ನೂ ಬಿಡಿಸಿ ನೋಡಿದರೆ ಬೇರೆ ಬೇರೆ ತಿಂಗಳಿಗೆ ಹಂಚಿಹೋಗುತ್ತೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಳ್ಳೆ ಬಳ್ಳಿಯ ಬುಡದಿಂದ ಹಬ್ಬುವ ಕುಡಿ ತೆಗೆದು, ಎರಡು ಮೂರು ಗೆಣ್ಣಿಗೊಂದು ತುಂಡು ಮಾಡಿ ಪಾಲಿಥಿನ್ ಚೀಲಕ್ಕೆ ನೆಡಬೇಕು. ಮೇ ತಿಂಗಳಲ್ಲಿ ಗುಂಡಿ. ಮಳೆ ಹಿಡಿದ ಮೇಲೆ ಮರದ ಉತ್ತರ ದಿಕ್ಕಿಗೆ ಗಿಡ. ನೀವು ಮಾರ್ಚ್‌ನಲ್ಲಿ ತುಂಡು ಮಾಡಿಲ್ಲ ಅಂದರೆ ಜೂನ್‌ನಲ್ಲಿ ನಿಮ್ಮ ಹತ್ತಿರ ಗಿಡ ಇಲ್ಲ. ಈಗ ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ. ನಂಬಿಕೆಯ ನರ್ಸರಿಯಿಂದ ಇಪ್ಪತ್ತು ಗಿಡ ತಂದು ಈ ಮಳೆಯಲ್ಲೇ ನೆಡಿ. ಉಳಿದದ್ದನ್ನು ಮುಂದಿನ ಫೆಬ್ರವರಿ ಹಾಳೆಗೆ ಬರೆಯಿರಿ. ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲ ಅಂದರೆ ಡಿಸೆಂಬರ್ ಹಾಳೆಯ ಹಿಂದೆ ಬರೆದಿಡಿ.

ಇನ್ನೊಂದು ಮಾತು. "ಈ ಸಲ ಇಷ್ಟು ಕ್ವಿಂಟಾಲ್" ಅಂತ ಗುರಿ ಬರೆಯಬೇಡಿ. ಅದು ಮಳೆಯ ಕೈಯಲ್ಲಿ, ರೋಗದ ಕೈಯಲ್ಲಿ ಇರುವ ಲೆಕ್ಕ. ದರದ ಬಗ್ಗೆ ಹೇಳುವುದೇ ಬೇಡ. ನಿಮ್ಮ ಕೈಯಲ್ಲಿ ಇರುವುದು ಔಷಧಿ ಹೊತ್ತಿಗೆ ಸರಿಯಾಗಿ ಬಿತ್ತಾ, ಬಸಿಗಾಲುವೆ ಬಿಡಿಸಿದ್ದಾಯಿತಾ ಅನ್ನುವುದು.

ಔಷಧಿಯದ್ದೇ ತಗೊಳ್ಳಿ. ಮಳೆಗಾಲದಲ್ಲಿ ಎಳೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು ಅನ್ನುವುದು ನಮಗೆ ಗೊತ್ತಿರುವುದೇ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಈ ರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ವರದಿ ಬರೆದರು. ನೂರು ವರ್ಷ ದಾಟಿದರೂ ನಾವು ಹೊಡೆಯುತ್ತಿರುವುದು ಅದೇ ಮೈಲುತುತ್ತ, ಸುಣ್ಣ. ಹೊಡೆಯಬೇಕಾದ ಹೊತ್ತೂ ಬದಲಾಗಿಲ್ಲ. ಆದರೆ "ಮೇ ಕೊನೆಗೆ ಔಷಧಿ ಹೊಡೆಸುವುದು" ಅಂತ ಬರೆದರೆ ಅದು ಕೊನೆಗಾರ (ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಆಳು) ಬರುವುದರ ಮೇಲೆ ನಿಂತಿದೆ. ಅವನು ಬರುವುದು ನಿಮ್ಮ ಕೈಯಲ್ಲಿಲ್ಲ. "ಮೇ 10ರೊಳಗೆ ಕೊನೆಗಾರನ ಮನೆಗೆ ಹೋಗಿ ದಿನ ಗೊತ್ತು ಮಾಡಿ ಮುಂಗಡ ಕೊಟ್ಟು ಬರುವುದು" ಅಂತ ಬರೆಯಿರಿ. ಇದು ನಿಮ್ಮ ಕೈಯಲ್ಲಿದೆ. "15ರೊಳಗೆ ಮೈಲುತುತ್ತ, ಸುಣ್ಣ ಮನೆಗೆ ತರುವುದು" ಕೂಡ ನಿಮ್ಮ ಕೈಯಲ್ಲಿದೆ.

ದ್ರಾವಣ ಮಾಡುವುದನ್ನು ನೀವೇ ಕಲಿಯುವುದೂ ಒಳ್ಳೆ ಗುರಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರ್ ನೀರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಉಲ್ಟಾ ಅಲ್ಲ. ಕಬ್ಬಿಣದ ಪಾತ್ರೆ ಬೇಡ. ಆಮೇಲೆ ಹೊಳೆಯುವ ಚಾಕು ಒಂದನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತುಕ್ಕಿನ ಥರ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಚಾಕು ಹಾಗೇ ಬಿಳಿಯಾಗಿ ಬಂದರೆ ಸರಿ. ಮಾಡಿದ ದಿನವೇ ಖಾಲಿ ಮಾಡಬೇಕು. ಒಂದು ಮಳೆಗಾಲದಲ್ಲಿ ಇದು ಕೈಗೆ ಬಂದರೆ ಸಾಕು, ಆಮೇಲೆ ಯಾರು ಮಾಡಿಕೊಟ್ಟರೂ ನೀವು ಚಾಕು ಅದ್ದಿ ನೋಡುತ್ತೀರಿ.

ತಿಂಗಳ ಕೊನೆಯಲ್ಲಿ ಹಿಂದೆ ತಿರುಗಿ ನೋಡುವುದು ಬರೆಯುವುದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಹೆಚ್ಚಿನವರು ಇಲ್ಲೇ ಬಿಡುತ್ತಾರೆ. ಆಗಿದ್ದಕ್ಕೆ ಸರಿ ಗುರುತು ಹಾಕಿ, ಆಗದ್ದನ್ನು ಸುಮ್ನೆ ಮುಂದಿನ ತಿಂಗಳಿಗೆ ನಕಲು ಮಾಡುತ್ತಾರೆ. ನಕಲು ಮಾಡಿದರೆ ಮತ್ತೆ ಆಗುವುದಿಲ್ಲ. ಯಾಕೆ ಆಗಲಿಲ್ಲ ಅಂತ ಪಕ್ಕದಲ್ಲಿ ಒಂದು ಶಬ್ದ ಬರೆಯಿರಿ. ನನ್ನ ಹಾಳೆಗಳ ಹಿಂದೆ ಬರುವ ಶಬ್ದಗಳು ಹೆಚ್ಚುಕಡಿಮೆ ಇವೇ: ಮಳೆ, ಆಳು, ದುಡ್ಡು, ಮನಸ್ಸು. ಮಳೆ ಅಂತ ಇದ್ದರೆ ಗುರಿಯ ತಿಂಗಳು ತಪ್ಪಿದೆ, ಜಾಗ ಬದಲಿಸಿ. ಆಳು ಸಿಗಲಿಲ್ಲ ಅಂತಾದರೆ ಮೇಲೆ ಹೇಳಿದ ಹಾಗೆ ಗುರಿಯನ್ನು ಮಾತಾಡಿ ಬರುವ ಕೆಲಸಕ್ಕೆ ಇಳಿಸಿ. ದುಡ್ಡಿಲ್ಲದೆ ನಿಂತದ್ದು ಯುಗಾದಿ ಕಡೆಗೆ ಹೋಗಲಿ.

ಮನಸ್ಸು ಅಂತ ಬರೆಯುವುದೇ ಕಷ್ಟ. ಅದರ ಬದಲು ಪುರುಸೊತ್ತಿಲ್ಲ ಅಂತ ಬರೆಯುತ್ತೇವೆ. ಆದರೆ ಒಂದೇ ಸಾಲು ಮೂರು ತಿಂಗಳು ಸತತ ಮುಂದೆ ಹೋಯಿತು, ಮಳೆ ಬಿಸಿಲು ಎರಡೂ ಬಂದುಹೋದವು ಅಂದರೆ ಕಾರಣ ಅದೇ. ಆಗ ಎರಡು ದಾರಿ. ಆ ಕೆಲಸ ಯಾರನ್ನೋ ನೋಡಿ ಬರೆದದ್ದಾದರೆ ಹೊಡೆದು ಹಾಕಿ. ಈ ಗುಂಪಿನಲ್ಲೇ ದಿನಾ ಯಾರದೋ ಎರೆಗೊಬ್ಬರದ ತೊಟ್ಟಿ, ಯಾರದೋ ಮೀನಿನ ಹೊಂಡದ ಫೋಟೋ ಬರುತ್ತೆ. ಅದೆಲ್ಲ ನಮಗೂ ಬೇಕು ಅಂತೇನಿಲ್ಲ. ಬೇಕೇ ಬೇಕಾದ ಕೆಲಸವಾದರೆ ಒಂದು ಬೆಳಿಗ್ಗೆಯಲ್ಲಿ ಮುಗಿಯುವಷ್ಟು ಚಿಕ್ಕದು ಮಾಡಿ. ಮಣ್ಣು ಪರೀಕ್ಷೆ ಮಾಡಿಸುವುದು ಅನ್ನುವ ಬದಲು, ಗೊಬ್ಬರ ಹಾಕುವ ಮೊದಲು ಒಂದು ದಿನ ಗುದ್ದಲಿ, ಬಕೆಟ್ ಹಿಡಿದು ಹೋಗಿ ತೋಟದ ಹತ್ತು ಕಡೆ ಮಣ್ಣು ತೆಗೆದು, ಕಲಸಿ, ಅರ್ಧ ಕೆಜಿ ಉಳಿಸಿ ನೆರಳಲ್ಲಿ ಒಣಗಲು ಹಾಕುವುದು. ಅಷ್ಟೇ ಆ ತಿಂಗಳ ಗುರಿ. ಒಣಗಿದ ಮಣ್ಣು ಜಗಲಿಯ ಮೇಲೆ ಕಣ್ಣೆದುರೇ ಇದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಅದು ತಾನಾಗಿ ಹೋಗುತ್ತೆ. ಗೊಬ್ಬರದ ಹಳೇ ಚೀಲದಲ್ಲಿ ಮಾತ್ರ ಕಟ್ಟಬೇಡಿ, ಫಲಿತಾಂಶ ಕೆಡುತ್ತೆ.

ಮಳೆಗಾಲದಲ್ಲಿ ತಿಂಗಳು ಅನ್ನುವ ಅಳತೆ ಉದ್ದವಾಯಿತು ಅಂತ ನನಗೆ ಅನಿಸುತ್ತೆ. ಆಗ ಮಳೆ ನಕ್ಷತ್ರ ಹಿಡಿಯುತ್ತೇನೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಆರಿದ್ರೆ ಜುಲೈ ಮೊದಲ ವಾರ ಮುಗಿದು ಪುನರ್ವಸು ಬರುತ್ತೆ, 20ರ ಹೊತ್ತಿಗೆ ಪುಷ್ಯ. ನಕ್ಷತ್ರ ಬದಲಾದಾಗ ಎರಡೇ ಪ್ರಶ್ನೆ: ಕಾಲುವೆಯಲ್ಲಿ ನೀರು ನಿಂತಿದೆಯಾ, ಔಷಧಿ ಹೊಡೆದು ಎಷ್ಟು ದಿನ ಆಯಿತು. ಮೊದಲನೇ ಸಲ ಹೊಡೆದು 40ರಿಂದ 45 ದಿನಕ್ಕೆ ಎರಡನೇದು ಬೀಳಬೇಕಲ್ಲ, ತಿಂಗಳ ಕೊನೆ ತನಕ ಕಾದರೆ ಆ ದಿನ ದಾಟಿಹೋಗಿರುತ್ತೆ. ಬಯಲುಸೀಮೆಯವರಿಗೆ ಅಮಾವಾಸ್ಯೆ ಅನುಕೂಲ. ಬಹಳ ಊರಲ್ಲಿ ಅವತ್ತು ಎತ್ತು ಹೂಡುವುದಿಲ್ಲ, ಕೂತು ಲೆಕ್ಕ ನೋಡಲು ದಿನ ಸಿಕ್ಕ ಹಾಗಾಯಿತು.

ಬೇಗ ಏಳುವ ಗುರಿ ಬಗ್ಗೆ. ಬೇಗ ಎದ್ದು ಮಾಡುವುದೇನು ಅಂತ ಬರೆಯದಿದ್ದರೆ ಎದ್ದು ಫೋನ್ ನೋಡುತ್ತೇವೆ, ಅಷ್ಟೇ. ಹಾಗಾಗಿ "ಫೋನ್ ಮುಟ್ಟುವ ಮೊದಲು ತೋಟಕ್ಕೊಂದು ಸುತ್ತು" ಅಂತ ಬರೆಯಿರಿ. ಈಗ ಮಳೆಗಾಲ. ಬುಡದಲ್ಲಿ ಬಿದ್ದ ಎಳೆ ಕಾಯಿ ಎತ್ತಿ ತೊಟ್ಟಿನ ಕಡೆ ನೋಡಿ. ನೀರಲ್ಲಿ ನೆನೆದ ಹಾಗೆ ಕಡು ಹಸಿರು ಕಲೆ ಇದ್ದರೆ ಕೊಳೆ ಶುರುವಾಗಿದೆ. ಆ ಮರದ ಗುರುತು ಇಟ್ಟುಕೊಳ್ಳಿ, ಬಿದ್ದದ್ದನ್ನು ಆರಿಸಿ ತೋಟದ ಹೊರಗೆ ಹಾಕಿ. ವಾಪಸ್ ಬಂದು ಎಂಟೂವರೆಗೆ ಮಳೆ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆಯಿರಿ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ. ಮಾಪಕ ಇಲ್ಲದಿದ್ದರೆ ಬಾಯಿಂದ ತಳದ ತನಕ ಒಂದೇ ಅಗಲ ಇರುವ ಡಬ್ಬಿ, ಒಂದು ಸ್ಕೇಲು ಸಾಕು. ಇದಕ್ಕೆ ಹಿಂದೆ ತಿರುಗಿ ನೋಡುವ ಕೆಲಸವೂ ಇಲ್ಲ. ತಿಂಗಳ ಕೊನೆಗೆ ಯಾವ ಚೌಕ ಖಾಲಿ ಇದೆ ಅಂತ ಹಾಳೆಯೇ ಹೇಳುತ್ತೆ.

ದೋಟಿ ಕಲಿಯುವುದು ಮಳೆಗಾಲಕ್ಕೆ ಬೇಡ. ಮಳೆ ಬಿಟ್ಟ ಮೇಲೆ ಅಕ್ಟೋಬರ್ ಹಾಳೆಗೆ ಬರೆಯಿರಿ. ಮೊದಮೊದಲು ಗಿಡ್ಡ ಮರದಲ್ಲಿ, ದಿನಕ್ಕೆ ಸ್ವಲ್ಪ ಹೊತ್ತು. ಕುತ್ತಿಗೆ, ಭುಜ ಹೊಂದಿಕೊಳ್ಳಲು ಟೈಮ್ ಬೇಕು. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತೆ, ತಂತಿ ಹಾದುಹೋಗುವ ಸಾಲಿಗೆ ಅದನ್ನು ಹಿಡಿದು ಹೋಗಲೇಬೇಡಿ.

ಹಾಗಾದರೆ ಜುಲೈಗೆ ಏನು? ಮೆಣಸು, ಖರ್ಚಿನ ಲೆಕ್ಕ ನಿಮ್ಮ ಪಟ್ಟಿಯಿಂದಲೇ ಆರಿಸಿದ್ದೇನೆ, ಉಳಿದದ್ದು ನಾನು ಸೇರಿಸಿದ್ದು. ಎರಡನೇ ಔಷಧಿಯ ದಿನ ಲೆಕ್ಕ ಹಾಕಿ ಚೌಕಕ್ಕೆ ಸುತ್ತು ಹಾಕುವುದು, ಕೊನೆಗಾರನಿಗೆ ಇವತ್ತೇ ಹೇಳುವುದು. ಇಪ್ಪತ್ತು ಮೆಣಸಿನ ಗಿಡ. ಆಷಾಢದ ಮಳೆಯಲ್ಲಿ ಒಂದು ಮಧ್ಯಾಹ್ನ ಕೂತು ಏಪ್ರಿಲ್‌ನಿಂದ ಈಚೆಗಿನ ಖರ್ಚು ಬರೆಯುವುದು, ಸೊಸೈಟಿ ಪಾಸ್‌ಬುಕ್ ಪಕ್ಕದಲ್ಲಿ ಇಟ್ಟುಕೊಂಡು. ಜೊತೆಗೆ ಪಹಣಿ ತೆಗೆದು ಬೆಳೆ ಕಾಲಂ ಸರಿ ಇದೆಯಾ ನೋಡಿ. ಹವಾಮಾನ ಆಧಾರಿತ ಬೆಳೆ ವಿಮೆ ಇನ್ನೂ ಕಟ್ಟಿಲ್ಲ ಅಂದರೆ ಉಳಿದದ್ದೆಲ್ಲ ಬಿಟ್ಟು ನಾಳೆಯೇ ಸೊಸೈಟಿಗೆ ಹೋಗಿ ಕೊನೆ ದಿನ ಕೇಳಿ, ಅದು ಪ್ರತಿ ವರ್ಷ ಒಂದೇ ಇರುವುದಿಲ್ಲ. ಇಷ್ಟಕ್ಕಿಂತ ಜಾಸ್ತಿ ಬೇಡ.

ಜೇನಿನ ಬಗ್ಗೆ ಬೇರೆಯಾಗಿ ಕೇಳಿದ್ದಿರಿ. ಈಗ ಪೆಟ್ಟಿಗೆ ತರಬೇಡಿ. ಮಳೆಗಾಲದಲ್ಲಿ ತುಡುವೆಗೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಕಡೆಯ ಜೇನು) ಹೂವು ಸಿಗುವುದು ಕಡಿಮೆ, ಸಕ್ಕರೆ ಪಾಕ ಕೊಟ್ಟು ಉಳಿಸಿಕೊಳ್ಳಬೇಕು. ಹೊಸಬರಿಗೆ ಅದು ಕಷ್ಟ, ಜೇನಿನ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಗುವುದೂ ಇದೆ. ನವೆಂಬರ್ ಹಾಳೆಗೆ ಬರೆದಿಡಿ. ಅಷ್ಟರೊಳಗೆ ಹತ್ತಿರದ ಊರಿನಲ್ಲಿ ಸಾಕುವವರು ಯಾರಾದರೂ ಇದ್ದರೆ, ಅವರು ಪೆಟ್ಟಿಗೆ ತೆರೆಯುವ ದಿನ ಪಕ್ಕದಲ್ಲಿ ನಿಂತು ನೋಡಿ ಬನ್ನಿ. ಯಾವ ಊರು ಅಂತ ಬರೆದರೆ ನಮ್ಮ ಕಡೆಯವರು ಯಾರಾದರೂ ಸಿಗುತ್ತಾರಾ ಅಂತ ವಿಚಾರಿಸಿ ಹೇಳುತ್ತೇನೆ.