ಖುಷಿಗೆ ಕೋಡ್ ಬರೆಯುವವರು ಯಾವುದರಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇದು: ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬರುತ್ತದೆ, ನೌಕರಿಗಲ್ಲ, ಬಿಡುವಿನಲ್ಲಿ ಖುಷಿಗೆ ಏನಾದರೂ ಮಾಡಬೇಕು. ಆ್ಯಪ್, ಮನೆಯಲ್ಲೇ ಒಂದು ಸರ್ವರ್, ಹಳೆಯ ಗೇಮ್‌ಗಳು, ಚಿಕ್ಕಪುಟ್ಟ ಗ್ಯಾಜೆಟ್, ಎಲ್ಲದರ ಮೇಲೂ ಆಸೆ. ಆದರೆ ಶುರು ಮಾಡಿದ್ದು ಯಾವುದೂ ಮುಗಿಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೆಯ ಗೇಮ್‌ನಿಂದ ಶುರು ಮಾಡಿ. ಆಡುವುದಲ್ಲ. ಆ ಗೇಮ್ ಓಡುವ ಯಂತ್ರವನ್ನೇ ಕೋಡ್‌ನಲ್ಲಿ ಕಟ್ಟಿ, ಅಂದರೆ ಎಮ್ಯುಲೇಟರ್ ಬರೆಯಿರಿ. ಹೆಸರು ದೊಡ್ಡದು, ಕೆಲಸ ಅಷ್ಟು ದೊಡ್ಡದಲ್ಲ. ನೀವು ಹೇಳಿದ ನಾಲ್ಕರಲ್ಲೂ ನಾನು ವರ್ಷಗಳಿಂದ ಕೈಯಾಡಿಸುತ್ತಿದ್ದೇನೆ. ಯಾವುದು ಮುಗಿಯಿತು, ಯಾವುದು ಅರ್ಧಕ್ಕೆ ನಿಂತಿತು ಅಂತ ನೋಡಿದರೆ ನನಗೆ ಒಂದೇ ವ್ಯತ್ಯಾಸ ಕಾಣುತ್ತದೆ: ತಲೆಯೊಳಗೆ ಪೂರ್ತಿ ಹಿಡಿಸುವಷ್ಟು ಚಿಕ್ಕದಾಗಿದ್ದದ್ದು ಮುಗಿದಿದೆ. ಆಸಕ್ತಿ ಸಾಲದೆ ಕೆಲಸ ನಿಲ್ಲುವುದು ಕಡಿಮೆ, ಒಳಗೆ ಏನಾಗುತ್ತಿದೆ ಅಂತ ಗೊತ್ತಾಗದೆ ನಿಲ್ಲುವುದೇ ಜಾಸ್ತಿ.

ಚಿಪ್-8 ಅಂತ ಒಂದಿದೆ. 1970ರ ದಶಕದ ಮಧ್ಯದಲ್ಲಿ ಆರ್‌ಸಿಎ ಕಂಪನಿಯ ಜೋಸೆಫ್ ವೈಸ್‌ಬೆಕರ್ ಅನ್ನುವ ಇಂಜಿನಿಯರ್ ಮಾಡಿದ್ದು. ಕಾಸ್ಮ್ಯಾಕ್ ವಿಐಪಿ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ಜನ ಸುಲಭವಾಗಿ ಗೇಮ್ ಬರೆಯಲಿ ಅನ್ನುವುದು ಉದ್ದೇಶ. ಚಿಪ್-8 ಅಂತ ನಿಜವಾದ ಚಿಪ್ ಯಾವುದೂ ಇಲ್ಲ, ಅದು ಒಂದು ಕಾಲ್ಪನಿಕ ಯಂತ್ರ. ಅದರ ಮೆಮೊರಿ 4096 ಬೈಟ್. ಮೊದಲಿನ 512 ಬೈಟ್ ಯಂತ್ರಕ್ಕೇ ಮೀಸಲು, ಗೇಮ್ ಶುರುವಾಗುವುದು 512ನೇ ಜಾಗದಿಂದ. 16 ರಿಜಿಸ್ಟರ್‌ಗಳು (ಲೆಕ್ಕ ಮಾಡುವಾಗ ಒಂದೊಂದು ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಜಾಗಗಳು), 16 ಕೀಲಿಗಳು, 64ಕ್ಕೆ 32 ಚುಕ್ಕಿಗಳ ಕಪ್ಪು ಬಿಳುಪಿನ ತೆರೆ, ಸೆಕೆಂಡಿಗೆ 60 ಸಲ ಒಂದೊಂದೇ ಇಳಿಯುವ ಎರಡು ಟೈಮರ್. ಒಟ್ಟು ಆದೇಶಗಳು ಸುಮಾರು 35, ಒಂದೊಂದೂ ಎರಡು ಬೈಟ್. ಇಷ್ಟೇ. ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಬಹುದು, ನಾನು ಹಾಗೇ ಮಾಡಿದ್ದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಚಿತ್ರ ಬರೆಯುವ ಆದೇಶ. ತೆರೆಯ ಮೇಲಿನ ಒಂದು ಚುಕ್ಕಿ ಆರಿದ್ದರೆ ಅದು ಹೊತ್ತಿಕೊಳ್ಳುತ್ತದೆ, ಮೊದಲೇ ಹೊತ್ತಿದ್ದರೆ ಆರುತ್ತದೆ. ಒಂದು ಚಿತ್ರವನ್ನು ಅಳಿಸುವುದಕ್ಕೆ ಅಂತ ಬೇರೆ ಆದೇಶ ಬೇಕಾಗಿಲ್ಲ, ಅದೇ ಚಿತ್ರವನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಬರೆದರೆ ಅಳಿಸಿಹೋಗುತ್ತದೆ. ಹಾಗೆ ಬರೆಯುವಾಗ ಹೊತ್ತಿದ್ದ ಒಂದೇ ಒಂದು ಚುಕ್ಕಿ ಆರಿದರೂ ಕೊನೆಯ ರಿಜಿಸ್ಟರ್‌ನಲ್ಲಿ 1 ಬಂದು ಕೂರುತ್ತದೆ. ಅಂದರೆ ಚೆಂಡು ಬ್ಯಾಟಿಗೆ ತಗುಲಿತು ಅಂತ ಗೇಮ್‌ಗೆ ಗೊತ್ತಾಗುವುದು ಅಲ್ಲೇ. ಬರೆಯುವುದು, ಅಳಿಸುವುದು, ಡಿಕ್ಕಿ ಗುರುತಿಸುವುದು, ಮೂರೂ ಒಂದೇ ಆದೇಶದಲ್ಲಿ! ನಾನು ಇದನ್ನು ಬರೆದು ಪಾಂಗ್ ಅನ್ನುವ ಚೆಂಡು-ಬ್ಯಾಟಿನ ಗೇಮ್ ಓಡಿಸಿದಾಗ ಚೆಂಡು ಮಿಣಮಿಣ ಅಂತ ಮಿಟುಕುತ್ತಾ ಹೋಯಿತು. ಅದು ತಪ್ಪಲ್ಲ, ಪ್ರತಿ ಹೆಜ್ಜೆಗೂ ಅಳಿಸಿ ಮತ್ತೆ ಬರೆಯುವುದರಿಂದ ಮೂಲ ಯಂತ್ರದಲ್ಲೂ ಚಿತ್ರಗಳು ಹಾಗೇ ಮಿಟುಕುತ್ತಿದ್ದವು. ತೆರೆಯ ಮೇಲೆ ಕಾಣುವ ಒಂದು ಸಣ್ಣ ಲಕ್ಷಣದ ಹಿಂದಿನ ಕಾರಣ ಬೇರಿನವರೆಗೂ ಗೊತ್ತಿರುವುದು ಎಂಥ ಸುಖ ಅಂತ ಅದನ್ನು ಅನುಭವಿಸಿದವರಿಗೇ ಗೊತ್ತು.

ಒಂದು ಕಡೆ ಖಂಡಿತ ಸಿಕ್ಕಿಕೊಳ್ಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವ ಶಿಫ್ಟ್ ಆದೇಶದ ಬಗ್ಗೆ ಒಂದೊಂದು ಕಡೆ ಒಂದೊಂದು ರೀತಿ ಬರೆದಿರುತ್ತಾರೆ. ಮೂಲ ಕಾಸ್ಮ್ಯಾಕ್‌ನಲ್ಲಿ ಆದೇಶ ಹೆಸರಿಸುವ ಎರಡು ರಿಜಿಸ್ಟರ್‌ಗಳಲ್ಲಿ ಎರಡನೆಯದರ ಬೆಲೆಯನ್ನು ತೆಗೆದುಕೊಂಡು, ಸರಿಸಿ, ಮೊದಲನೆಯದರಲ್ಲಿ ಇಡಬೇಕು. ಆಮೇಲೆ ಎಚ್‌ಪಿ-48 ಕ್ಯಾಲ್ಕುಲೇಟರ್‌ಗೆ ಬಂದ ಆವೃತ್ತಿಯಲ್ಲಿ ಎರಡನೆಯದನ್ನು ನೋಡುವುದೇ ಇಲ್ಲ, ಮೊದಲನೆಯದರ ಬೆಲೆಯನ್ನೇ ಅಲ್ಲೇ ಸರಿಸುತ್ತದೆ. ಕೆಲವು ಗೇಮ್‌ಗಳು ಮೊದಲನೇ ರೀತಿಯನ್ನು ನಂಬಿ ಬರೆದವು, ಕೆಲವು ಎರಡನೆಯದನ್ನು. ಹಾಗಾಗಿ ಒಂದು ಗೇಮ್ ಸರಿಯಾಗಿ ಓಡುತ್ತದೆ, ಇನ್ನೊಂದರಲ್ಲಿ ಚಿತ್ರ ಎಲ್ಲೆಲ್ಲೋ ಚೆಲ್ಲಾಪಿಲ್ಲಿ. ಎಮ್ಯುಲೇಟರ್‌ನಲ್ಲಿ ಇದಕ್ಕೊಂದು ಸ್ವಿಚ್ ಇಡಿ, ಗೇಮ್ ನೋಡಿಕೊಂಡು ಬದಲಾಯಿಸಿ. ಒಂದೊಂದೇ ಆದೇಶವನ್ನು ಪರೀಕ್ಷಿಸಿ ಸರಿ, ತಪ್ಪು ಅಂತ ತೋರಿಸುವ ಟೆಸ್ಟ್ ಫೈಲ್‌ಗಳು ಉಚಿತವಾಗಿ ಸಿಗುತ್ತವೆ, ಗೇಮ್‌ಗಿಂತ ಮೊದಲು ಅವನ್ನೇ ಓಡಿಸಿ.

ಅದು ಮುಗಿದ ಮೇಲೆ 1978ರ ಸ್ಪೇಸ್ ಇನ್ವೇಡರ್ಸ್ ಯಂತ್ರ ಒಳ್ಳೆಯ ಮುಂದಿನ ಹೆಜ್ಜೆ. ಅದರಲ್ಲಿರುವುದು ಇಂಟೆಲ್ 8080, ನಿಜವಾದ ಪ್ರೊಸೆಸರ್. ಆ ಗೇಮ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ, ಅಲ್ವಾ? ಶುರುವಿನಲ್ಲಿ 55 ಶತ್ರುಗಳು, ಯಂತ್ರ ಒಂದು ಸಲಕ್ಕೆ ಒಂದನ್ನು ಮಾತ್ರ ಸರಿಸುತ್ತದೆ, ಹಾಗಾಗಿ ಎಲ್ಲರ ಸರದಿ ಮುಗಿಯಲು ಹೊತ್ತು ಬೇಕು. ಸಾಯುತ್ತಾ ಹೋದಂತೆ ಸರದಿ ಬೇಗ ಬರುತ್ತದೆ. ಯಂತ್ರದ ಮಿತಿಯಿಂದ ತಾನಾಗಿ ಬಂದ ಈ ವೇಗವನ್ನು ತಯಾರಕ ತೊಮೊಹಿರೊ ನಿಶಿಕಾಡೊ ಹಾಗೇ ಉಳಿಸಿಕೊಂಡರು, ಆಟದ ರೋಮಾಂಚನವೇ ಅದಾಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮೋಡ ಮತ್ತು ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಗೇಮ್ ಹಿಡಿಸಿದ್ದು 40 ಕಿಲೋಬೈಟ್‌ನಲ್ಲಿ. ಆ ಗೇಮ್ ಓಡುವ ನಿಂಟೆಂಡೊದ ಎನ್‌ಇಎಸ್ ಯಂತ್ರ ತೆರೆಯ ಒಂದು ಗೆರೆಯಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್, ಅಂದರೆ ಓಡಾಡುವ ಪುಟ್ಟ ಚಿತ್ರಗಳನ್ನು, ತೋರಿಸಲಾರದು. ಹೆಚ್ಚಾದರೆ ಯಾರಾದರೂ ಮಾಯವಾಗಲೇಬೇಕು, ಒಬ್ಬರೇ ಮಾಯವಾಗದಿರಲಿ ಅಂತ ಗೇಮ್‌ಗಳು ಸರದಿ ಬದಲಿಸುತ್ತವೆ, ಅದಕ್ಕೇ ಗಲಾಟೆ ಜಾಸ್ತಿ ಇರುವ ಕಡೆ ಬೊಂಬೆಗಳು ಮಿಟುಕುವುದು. ಎನ್‌ಇಎಸ್, ನಿಂಟೆಂಡೊದ್ದೇ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್, ಎರಡರಲ್ಲೂ ಕಷ್ಟ ಇರುವುದು ಆದೇಶಗಳಲ್ಲಲ್ಲ, ಸಮಯದಲ್ಲಿ. ಚಿತ್ರದ ಯಂತ್ರ ಮತ್ತು ಪ್ರೊಸೆಸರ್ ಜೊತೆಜೊತೆಗೆ ಹೆಜ್ಜೆ ಹಾಕಬೇಕು. ನೇರವಾಗಿ ಅಲ್ಲಿಗೆ ಹಾರಬೇಡಿ.

ಗೇಮ್ ಫೈಲ್‌ಗಳ ಬಗ್ಗೆ ಒಂದು ಮಾತು. ಚಿಪ್-8ಕ್ಕೆ ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಗೇಮ್‌ಗಳು ಬೇಕಾದಷ್ಟಿವೆ. ಕಂಪನಿಗಳ ಹಳೆಯ ಗೇಮ್‌ಗಳ ಹಕ್ಕು ಇನ್ನೂ ಅವರದ್ದೇ, ಅಂಗಡಿಯಲ್ಲಿ ಸಿಗದಿದ್ದರೂ ಅಷ್ಟೇ. ನಿಮ್ಮ ಹತ್ತಿರ ಹಳೆಯ ಕಾರ್ಟ್ರಿಜ್‌ಗಳಿದ್ದರೆ ಇನ್ನೊಂದು ವಿಷಯ: ಆಟ ಉಳಿಸಿಡುವ ಸೌಲಭ್ಯ ಇರುವ ಎಷ್ಟೋ ಕಾರ್ಟ್ರಿಜ್‌ಗಳೊಳಗೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ಉಳಿಸಿಟ್ಟದ್ದೆಲ್ಲ ಹೋಯಿತು. ಬಾಲ್ಯದ ಆಟ ಅದರಲ್ಲಿ ಇನ್ನೂ ಇದ್ದರೆ, ಕಾರ್ಟ್ರಿಜ್ ಓದುವ ಸಾಧನ ತಂದು ಈಗಲೇ ಒಂದು ನಕಲು ತೆಗೆದಿಡಿ. ಗೇಮ್ ಓದಿಕೊಳ್ಳದಿದ್ದರೆ ಬಾಯಿಂದ ಊದಬೇಡಿ, ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ಒರೆಸಿದರೆ ಸಾಕು.

ಈಗ ಸರ್ವರ್ ಮತ್ತು ಆ್ಯಪ್. ಇವೆರಡನ್ನೂ ಬೇರೆ ಬೇರೆ ಮಾಡಬೇಡಿ, ಒಂದೇ ಕೆಲಸ ಮಾಡಿಕೊಳ್ಳಿ.

ನನ್ನದನ್ನೇ ಹೇಳುತ್ತೇನೆ. ನನ್ನ ಹತ್ತಿರ ತಂತಿ, ಅಡಾಪ್ಟರ್, ಹಳೆಯ ಬೋರ್ಡ್, ಸ್ಕ್ರೂ ಎಲ್ಲ ಡಬ್ಬಗಳಲ್ಲಿ ತುಂಬಿವೆ. ಬೇಕಾದಾಗ ಯಾವುದೂ ಸಿಗುವುದಿಲ್ಲ. ಅದಕ್ಕೆ ಪ್ರತಿ ಡಬ್ಬಕ್ಕೂ ಒಂದು ನಂಬರ್ ಅಂಟಿಸಿ, ಯಾವುದರಲ್ಲಿ ಏನಿದೆ ಅಂತ ಹುಡುಕುವ ಪುಟ್ಟ ಆ್ಯಪ್ ಬರೆದೆ. ಒಂದು ಪೈಥಾನ್ ಫೈಲ್, ಮಾಹಿತಿ ಇಡಲು ಒಂದು ಎಸ್‌ಕ್ಯುಲೈಟ್ ಡೇಟಾಬೇಸ್ ಫೈಲ್, ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಒಂದು ಪುಟ. ಲಾಗಿನ್ ಇಲ್ಲ, ನೋಟಿಫಿಕೇಶನ್ ಇಲ್ಲ. ಮನೆಯವರು "ಚಾರ್ಜರ್" ಅಂತ ಹುಡುಕುತ್ತಾರೆ, ನಾನು "ಅಡಾಪ್ಟರ್" ಅಂತ ಬರೆದಿರುತ್ತೇನೆ, ಹಾಗಾಗಿ ಒಂದು ವಸ್ತುವಿಗೆ ಎರಡು ಮೂರು ಹೆಸರು ಹಾಕುವ ಜಾಗ ಸೇರಿಸಿದೆ. ನಾನು ಬರೆದದ್ದರಲ್ಲೆಲ್ಲ ದಿನಾ ಬಳಕೆಯಾಗುವುದು ಇದೊಂದೇ, ಇದರ ಬಗ್ಗೆ ನನಗೆ ಹೆಮ್ಮೆ ಇದೆ.

ಫೋನಿಗೇ ಅಂತ ಬರೆಯುವ ಆ್ಯಪ್‌ನಿಂದ ಶುರು ಮಾಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರೆಯುವುದು ಕಷ್ಟ ಅಂತಲ್ಲ, ಬರೆದ ಮೇಲೆ ಬಿಡುವು ಕೊಡುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಹೊಸದು ಬಂದಾಗಲೆಲ್ಲ ನಿಯಮ ಬದಲಾಗುತ್ತದೆ. ಆಂಡ್ರಾಯ್ಡ್ 6ರಿಂದ ಫೋನ್ ಸುಮ್ನೆ ಬಿದ್ದಿರುವಾಗ ಹಿನ್ನೆಲೆಯ ಕೆಲಸಗಳನ್ನು ತಡೆಹಿಡಿಯುತ್ತದೆ, ಅದರ ಮೇಲೆ ಕೆಲವು ತಯಾರಕರು ಬ್ಯಾಟರಿ ಉಳಿಸಲು ಇನ್ನೂ ಬಿಗಿ ಮಾಡಿದ್ದಾರೆ. ನೀವು ಬರೆದ ಅಲಾರಂ ಒಂದು ಫೋನಿನಲ್ಲಿ ಸರಿಯಾಗಿ ಹೊಡೆದು ಇನ್ನೊಂದರಲ್ಲಿ ಹೊಡೆಯದೇ ಇರಬಹುದು. ಬ್ರೌಸರ್ ಪುಟಕ್ಕೆ ಈ ತಲೆನೋವಿಲ್ಲ, ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡರೆ ನೋಡಲೂ ಆ್ಯಪ್ ಹಾಗೇ ಇರುತ್ತದೆ. ನೆಟ್ ಇಲ್ಲದಾಗಲೂ ತೆರೆಯಬೇಕು ಅಂದರೆ ಮಾತ್ರ ಎಚ್‌ಟಿಟಿಪಿಎಸ್ (ಗುಪ್ತ ಭಾಷೆಯಲ್ಲಿ ನಡೆಯುವ ಸಂಪರ್ಕ) ಬೇಕೇ ಬೇಕು, ಅದಕ್ಕೆ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯಲ್ಲಿ ಉಚಿತ.

ಸರ್ವರ್‌ಗೆ ಹೊಸದೇನೂ ಕೊಳ್ಳಬೇಡಿ, ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೇ ಚಿನ್ನ. ಕರೆಂಟ್ ಹೋದರೂ ನಡೆಯುತ್ತದೆ, ಕೀಬೋರ್ಡ್ ತೆರೆ ಎಲ್ಲ ಅದರಲ್ಲೇ ಇದೆ. ಲಿನಕ್ಸ್ ಹಾಕಿ, ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗಬಾರದು ಅಂತ ಸೆಟ್ಟಿಂಗ್ ಬದಲಿಸಿ. ಸದಾ ಚಾರ್ಜ್‌ನಲ್ಲಿದ್ದರೆ ಬ್ಯಾಟರಿ ಊದಿಕೊಳ್ಳುವ ಅಪಾಯ ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿ, ಈಗಾಗಲೇ ಊದಿದ್ದರೆ ಆ ಬ್ಯಾಟರಿ ಬಳಸಲೇಬೇಡಿ. ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಕೂಡ ಒಳ್ಳೆಯದೇ, ಆದರೆ ಎಸ್‌ಡಿ ಕಾರ್ಡ್ ಮೇಲೆ ಹಗಲೂ ರಾತ್ರಿ ಲಾಗ್ ಬರೆಯುತ್ತಿದ್ದರೆ ಅದು ಬೇಗ ಸವೆಯುತ್ತದೆ. ನನ್ನದೊಂದು ಕಾರ್ಡ್ ಹಾಗೇ ಹೋಯಿತು: ಹೊಸದಾಗಿ ಬರೆದದ್ದು ಉಳಿದಂತೆ ಕಾಣುತ್ತದೆ, ರೀಸ್ಟಾರ್ಟ್ ಮಾಡಿದರೆ ಎಲ್ಲ ಹಿಂದಿನ ಸ್ಥಿತಿಗೆ. ಯುಎಸ್‌ಬಿಗೆ ಎಸ್‌ಎಸ್‌ಡಿ ಹಾಕಿದ ಮೇಲೆ ಆ ಕಾಟ ಇಲ್ಲ.

ಹೊರಗಿನಿಂದ ಸರ್ವರ್ ತಲುಪಬೇಕು ಅನ್ನಿಸಿದಾಗ ಎಲ್ಲರೂ ಮೊದಲು ಮಾಡುವುದು ರೂಟರ್‌ನಲ್ಲಿ ಪೋರ್ಟ್ ತೆರೆಯುವುದು, ಅಂದರೆ ಹೊರಗಿನವರು ಒಳಬರಲು ಒಂದು ಬಾಗಿಲು ಬಿಡುವುದು. ತೆರೆದು ಲಾಗ್ ನೋಡಿ, ಸ್ವಲ್ಪ ಹೊತ್ತಿಗೇ ಎಲ್ಲೆಲ್ಲಿಂದಲೋ ಬಾಟ್‌ಗಳು ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ ಬಾಗಿಲು ಬಡಿಯುತ್ತಿರುತ್ತವೆ. ಪಾಸ್‌ವರ್ಡ್ ಲಾಗಿನ್ ಪೂರ್ತಿ ನಿಲ್ಲಿಸಿ, ಬದಲಿಗೆ ಕೀ ಫೈಲ್ ಬಳಸಿ. ಅದಕ್ಕಿಂತ ಚೆನ್ನಾಗಿರುವುದು ವೈರ್‌ಗಾರ್ಡ್, ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಗುಪ್ತ ದಾರಿ ಮಾಡಿಕೊಡುವ ವಿಪಿಎನ್. 2020ರಲ್ಲಿ ಲಿನಕ್ಸ್ ಕರ್ನಲ್‌ನ 5.6 ಆವೃತ್ತಿಗೇ ಸೇರಿಕೊಂಡಿತು. ಇಂಥದ್ದರಲ್ಲಿ ತೀರಾ ಚಿಕ್ಕ ಕೋಡ್ ಅದರದ್ದು, ಸರಿಯಾದ ಕೀ ಇಲ್ಲದವರಿಗೆ ಉತ್ತರವನ್ನೇ ಕೊಡುವುದಿಲ್ಲ, ಅಲ್ಲಿ ಬಾಗಿಲಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಆದರೆ ಮೊದಲು ರೂಟರ್‌ಗೆ ಸಿಕ್ಕಿರುವ ಹೊರ ವಿಳಾಸ ನೋಡಿಕೊಳ್ಳಿ. ಅದು 100.64ರಿಂದ 100.127ರ ಒಳಗಿದ್ದರೆ ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚಿದೆ ಅಂತ ಅರ್ಥ. ಆಗ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ, ಪೋರ್ಟ್ ತೆರೆಯದೆಯೇ ನಿಮ್ಮ ಸಾಧನಗಳನ್ನು ಜೋಡಿಸುವ ಟೇಲ್‌ಸ್ಕೇಲ್ ಥರದ್ದು ಬೇಕು, ಅಥವಾ ಹೊರಗೆ ಒಂದು ಪುಟ್ಟ ಬಾಡಿಗೆ ಸರ್ವರ್.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದನ್ನೇ ಹೇಳುತ್ತೇನೆ. ಎಸ್‌ಕ್ಯುಲೈಟ್ ಫೈಲ್ ಬಳಕೆಯಲ್ಲಿರುವಾಗ ಅದನ್ನು ಹಾಗೇ ಕಾಪಿ ಮಾಡಬೇಡಿ, ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿ ನಕಲು ಕೆಡಬಹುದು. ಅದರಲ್ಲೇ ಬ್ಯಾಕಪ್ ಆದೇಶ ಇದೆ, ಅದನ್ನೇ ಬಳಸಿ. ಆ ನಕಲನ್ನು ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ತೆರೆದೂ ನೋಡಿ.

ಗ್ಯಾಜೆಟ್ ಕೊನೆಗೆ ಇಟ್ಟುಕೊಳ್ಳಿ. ವೈಫೈ ಇರುವ ಇಎಸ್‌ಪಿ32 ಅನ್ನುವ ಚಿಪ್‌ನ ಪುಟ್ಟ ಬೋರ್ಡ್ ಒಂದು ತಂದು ಉಷ್ಣತೆ ಅಳೆದು ಸರ್ವರ್‌ಗೆ ಕಳಿಸುವುದು ಒಳ್ಳೆಯ ಮೊದಲ ಕೆಲಸ. ಬ್ಯಾಟರಿಯಲ್ಲಿ ಓಡಿಸುವುದಾದರೆ ಒಂದು ಗಮನಿಸಿ: ಗಾಢ ನಿದ್ದೆಯಲ್ಲಿ ಚಿಪ್ ಕುಡಿಯುವುದು ಮೈಕ್ರೋಆಂಪ್‌ಗಳ ಲೆಕ್ಕದಲ್ಲಿ, ಆದರೆ ಬೋರ್ಡ್ ಮೇಲಿನ ಲೈಟ್ ಮತ್ತು ವೋಲ್ಟೇಜ್ ರೆಗ್ಯುಲೇಟರ್ ನಿದ್ದೆ ಮಾಡುವುದಿಲ್ಲ. ಬ್ಯಾಟರಿ ಬೇಗ ಖಾಲಿಯಾದರೆ ಕೋಡ್ ತಿದ್ದುವ ಮೊದಲು ಅಲ್ಲಿ ನೋಡಿ.

ಯಾವ ಭಾಷೆ ಅಂತ ಕೇಳುತ್ತೀರಿ ಅನ್ನುವುದು ಗೊತ್ತು. ಚಿಪ್-8ಕ್ಕೆ ನಿಮಗೆ ಬರುವ ಯಾವುದಾದರೂ ಸರಿ. ಸೆಕೆಂಡಿಗೆ ಏಳೆಂಟು ನೂರು ಆದೇಶ ಓಡಿಸಿದರೆ ಹೆಚ್ಚಿನ ಗೇಮ್‌ಗಳು ಚೆನ್ನಾಗಿ ಆಡಿಸಿಕೊಳ್ಳುತ್ತವೆ, ಪೈಥಾನ್‌ಗೆ ಅದೊಂದು ಭಾರವೇ ಅಲ್ಲ. ಗೇಮ್ ಬಾಯ್‌ಗೆ ಬಂದಾಗ ಸಿ, ರಸ್ಟ್ ಅಥವಾ ಗೋ ನೋಡಿ, ಅದರ ಗಡಿಯಾರ ಸೆಕೆಂಡಿಗೆ 40 ಲಕ್ಷಕ್ಕೂ ಹೆಚ್ಚು ಸಲ ಬಡಿಯುತ್ತದೆ. ಚಿಪ್-8ರಲ್ಲಿ ಮೊದಲು ಬರೆಯಬೇಕಾದದ್ದು ಇಡೀ ತೆರೆ ಅಳಿಸುವುದು, ಜಿಗಿಯುವುದು, ರಿಜಿಸ್ಟರ್‌ಗೆ ಬೆಲೆ ಹಾಕುವುದು, ಕೂಡಿಸುವುದು, ಮೆಮೊರಿಯ ವಿಳಾಸ ಇಟ್ಟುಕೊಳ್ಳಲೆಂದೇ ಬೇರೆಯಾಗಿ ಇರುವ ಐ ರಿಜಿಸ್ಟರ್‌ಗೆ ವಿಳಾಸ ಹಾಕುವುದು ಮತ್ತು ಚಿತ್ರ ಬರೆಯುವುದು. ಈ ಆರೇ ಆದೇಶಗಳಿಗೆ ಐಬಿಎಂ ಲೋಗೋ ತೋರಿಸುವ ಟೆಸ್ಟ್ ಫೈಲ್ ಓಡುತ್ತದೆ. ಲೋಗೋ ಮುರಿದುಮುರಿದು ಬಂದರೆ ಸ್ಪ್ರೈಟ್‌ನ ಬಿಟ್‌ಗಳನ್ನು ಎಡದಿಂದ ಓದುತ್ತಿದ್ದೀರಾ ಬಲದಿಂದಲಾ ನೋಡಿಕೊಳ್ಳಿ, ಎಡದಿಂದ ಓದಬೇಕು.